ಹರಡಿದ ಕ್ಯಾನ್ಸರ್: ಚಿಕಿತ್ಸೆಯ ತೊಡಕುಗಳು ಮತ್ತು ಹೊಸ ಮಾರ್ಗಗಳು

ಮುಂಬಯಿಯ ಉಪನಗರವಾದ ಜೋಗೇಶ್ವರಿಯ ಅನೇಕ ಕುಟುಂಬಗಳಿಗೆ ಕ್ಯಾನ್ಸರ್ ಚಿಕಿತ್ಸೆಯೆಂದರೆ ಪರೇಲಿಗೆ ಮಾಡುವ ಪ್ರಯಾಣವೇ ಆಗಿದೆ. 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯು ಅಲ್ಲಿದೆ. 1962ರಿಂದ ಅದು ಕೇಂದ್ರ ಸರಕಾರದ ಪರಮಾಣು ಶಕ್ತಿ ಇಲಾಖೆಗೆ ಸೇರಿದೆ. ಬಳಲಿದ ರೋಗಿಗೆ ಲೋಕಲ್ ರೈಲಿನ ಜನಸಂದಣಿಯಲ್ಲಿ ಪದೇ ಪದೇ ಹೋಗಿಬರುವುದು ಸುಲಭವಲ್ಲ. ಆದುದರಿಂದ ರೋಗವು ಹರಡಿದ ಮೇಲೆ ಯಾವ ಚಿಕಿತ್ಸೆಯನ್ನು ಯಾವ ಉದ್ದೇಶಕ್ಕಾಗಿ ನೀಡಲಾಗುತ್ತಿದೆ ಎಂಬುದನ್ನು ರೋಗಿಯೂ ಮನೆಯವರೂ ಅರಿತಿರಬೇಕು.

ಹರಡುವುದು ಎಂದರೇನು?

ಮೂಲ ಗೆಡ್ಡೆಯಿಂದ ಬೇರ್ಪಟ್ಟ ಜೀವಕೋಶಗಳು ರಕ್ತ ಅಥವಾ ದುಗ್ಧರಸದ ಮೂಲಕ ಸಾಗಿ ಶ್ವಾಸಕೋಶ, ಯಕೃತ್ತು, ಮೂಳೆ ಅಥವಾ ಮಿದುಳಿನಲ್ಲಿ ನೆಲೆಯೂರುತ್ತವೆ. ಸ್ತನದ ಕ್ಯಾನ್ಸರ್ ಮೂಳೆಗೆ ಹರಡಿದರೂ ಅದು ಸ್ತನದ ಕ್ಯಾನ್ಸರೇ. ಅದಕ್ಕೆ ತಕ್ಕ ಔಷಧಿಯನ್ನೇ ಕೊಡಲಾಗುತ್ತದೆ.

ತೊಡಕುಗಳು

ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಚಿಕಿತ್ಸೆಗಳು ಒಂದು ಸ್ಥಳದ ರೋಗವನ್ನು ಮಾತ್ರ ತಲುಪುತ್ತವೆ. ಔಷಧಿಯು ದೇಹದಾದ್ಯಂತ ಸಂಚರಿಸಿದರೂ ಕ್ಯಾನ್ಸರ್ ಕೋಶಗಳು ಕ್ರಮೇಣ ಅದಕ್ಕೆ ಬಗ್ಗದಂತಾಗುತ್ತವೆ. ಆರೋಗ್ಯವಂತ ಕೋಶಗಳಿಗೂ ಹಾನಿ ತಟ್ಟುತ್ತದೆ. ಗೆಡ್ಡೆಯನ್ನು ತೆಗೆದುಹಾಕಿದರೆ ಆಯುಸ್ಸು ಹೆಚ್ಚುತ್ತದೆಂಬ ನಂಬಿಕೆಯೂ ಎಲ್ಲೆಡೆ ನಿಜವಲ್ಲ. ಹರಡಿದ ಸ್ತನ ಕ್ಯಾನ್ಸರಿನ 350 ಮಹಿಳೆಯರ ಮೇಲೆ ಟಾಟಾ ಆಸ್ಪತ್ರೆಯು ನಡೆಸಿದ ಅಧ್ಯಯನವು 2015ರಲ್ಲಿ ಪ್ರಕಟವಾಯಿತು. ಔಷಧಿಗೆ ಸ್ಪಂದಿಸಿದವರಲ್ಲಿ ಮೂಲ ಗೆಡ್ಡೆಗೆ ಶಸ್ತ್ರಚಿಕಿತ್ಸೆ, ವಿಕಿರಣಗಳನ್ನು ನೀಡಿದರೂ ಜೀವಿತಾವಧಿ ಹೆಚ್ಚಲಿಲ್ಲವೆಂದು ಅದು ತೋರಿಸಿತು.

ಹೊಸ ಮಾರ್ಗಗಳು

ತಂಬಾಕಿನ ಸೇವನೆಯಿಂದ ನಮ್ಮ ದೇಶದಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಹೆಚ್ಚು. ಗುಣಪಡಿಸಲಾಗದ ಹಂತ ತಲುಪಿದ ಇಂತಹ ರೋಗಿಗಳಿಗೆ ಮನೆಯಲ್ಲಿಯೇ ನುಂಗಬಹುದಾದ ಅಗ್ಗದ ಮಾತ್ರೆಗಳನ್ನು ಸಣ್ಣ ಪ್ರಮಾಣದಲ್ಲಿ ಸತತವಾಗಿ ಕೊಡುವ ವಿಧಾನವನ್ನು ಟಾಟಾ ಆಸ್ಪತ್ರೆ ಪರೀಕ್ಷಿಸಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಿಸ್‌ಪ್ಲಾಟಿನ್ ಚುಚ್ಚುಮದ್ದು ಪಡೆದವರ ಮಧ್ಯಮ ಜೀವಿತಾವಧಿ 6.1 ತಿಂಗಳಾದರೆ ಮಾತ್ರೆ ಪಡೆದವರದು 7.5 ತಿಂಗಳು, ತೀವ್ರ ಅಡ್ಡ ಪರಿಣಾಮಗಳೂ ಕಡಿಮೆ.

ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ನಿವೊಲುಮ್ಯಾಬ್ ಬಹು ದುಬಾರಿ ಔಷಧಿ. ವಾಡಿಕೆಯ ಪ್ರಮಾಣದ ಹತ್ತನೆಯ ಒಂದಂಶಕ್ಕಿಂತಲೂ ಕಡಿಮೆಯಾದ 20 ಮಿಲಿಗ್ರಾಂ ಅನ್ನು ಮೂರು ವಾರಕ್ಕೊಮ್ಮೆ ಮಾತ್ರೆಗಳೊಂದಿಗೆ ನೀಡಿದಾಗ, ಒಂದು ವರ್ಷ ಬದುಕಿದವರ ಪ್ರಮಾಣವು ಶೇಕಡಾ 16.3ರಿಂದ 43.4ಕ್ಕೆ ಏರಿತೆಂದು 2022ರಲ್ಲಿ ವರದಿಯಾಯಿತು.

ಜೋಗೇಶ್ವರಿ-ವಿಕ್ರೋಲಿ ರಸ್ತೆಯ ಪವಾಯಿಯಲ್ಲಿರುವ ಐಐಟಿಯು ಟಾಟಾ ಕೇಂದ್ರದೊಡನೆ ಕಾರ್-ಟಿ ಚಿಕಿತ್ಸೆಯನ್ನು ರೂಪಿಸಿದೆ. ರೋಗಿಯ ರಕ್ತದ ಟಿ-ಕೋಶಗಳನ್ನೇ ಮಾರ್ಪಡಿಸಿ ಮರಳಿ ಸೇರಿಸುವ ಈ ವಿಧಾನಕ್ಕೆ 2023ರಲ್ಲಿ ಅನುಮತಿ ದೊರೆಯಿತು. ಇದು ಕೆಲವು ಬಗೆಯ ರಕ್ತ ಮತ್ತು ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಮಾತ್ರ. ಗೆಡ್ಡೆಯಾಗಿ ಬೆಳೆಯುವ ಇತರ ಕ್ಯಾನ್ಸರುಗಳಲ್ಲಿ ಸಂಶೋಧನೆ ಮುಂದುವರಿದಿದೆ.

ಮನೆಯವರು ಗಮನಿಸಬೇಕಾದುದು

ವೃಷಣದ ಕ್ಯಾನ್ಸರಿನಂತಹ ಕೆಲವು, ಹರಡಿದ ಮೇಲೂ ಗುಣವಾಗಬಲ್ಲವು. ಬಹುತೇಕ ಇತರ ಕ್ಯಾನ್ಸರುಗಳಲ್ಲಿ ರೋಗವನ್ನು ಹತೋಟಿಯಲ್ಲಿಟ್ಟು ಆಯುಸ್ಸನ್ನು ಹೆಚ್ಚಿಸುವುದು, ನೋವನ್ನು ತಗ್ಗಿಸುವುದು ಗುರಿಯಾಗಿರುತ್ತದೆ. ಈ ಚಿಕಿತ್ಸೆಯ ಉದ್ದೇಶವೇನು, ಎಷ್ಟು ಲಾಭ ನಿರೀಕ್ಷಿಸಬಹುದು, ವೆಚ್ಚವೆಷ್ಟು ಎಂದು ವೈದ್ಯರನ್ನು ಕೇಳಲು ಸಂಕೋಚಪಡಬಾರದು. ಖಚಿತವಾಗಿ ಗುಣಪಡಿಸುವೆವೆಂಬ ಜಾಹೀರಾತನ್ನು ನಂಬಿ ಮನೆಮಾರು ಅಡವಿಡಬಾರದು. ನೋವು ನಿವಾರಣೆಯು ಕೊನೆಯ ದಿನಗಳಿಗೆ ಮೀಸಲಾದುದಲ್ಲ. ರೋಗ ಹರಡಿದುದು ತಿಳಿದಾಗಿನಿಂದಲೇ ಉಪಶಾಮಕ ಆರೈಕೆಯನ್ನು ಪಡೆಯಬಹುದು. ಗುಣವಾಗದ ರೋಗಕ್ಕೂ ಚಿಕಿತ್ಸೆಯುಂಟು ಎಂಬುದನ್ನು ಯಾರೂ ಮರೆಯಬಾರದು.