ಅನುದಾನದ ಅರ್ಜಿಗೆ ನಿರೂಪಣೆಯ ಸಿ.ವಿ. ಬರೆಯುವುದು ಹೇಗೆ?

ಪ್ರಶ್ನೆ: ತುಮಕೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಪಾವಗಡ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೆ ಹಲವು ವರ್ಷಗಳಿಂದ ಕೆಲಸ ಮಾಡಿದ್ದೇನೆ. ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರ ತಂಡ ಅಲ್ಲಿಯ ಸರ್ಕಾರಿ ಅನುದಾನಕ್ಕೆ ಅರ್ಜಿ ಹಾಕುತ್ತಿದ್ದು, ನನ್ನನ್ನೂ ಸೇರಿಸಿಕೊಂಡಿದೆ. ಪ್ರಬಂಧಗಳ ಪಟ್ಟಿ ಕಳಿಸಿದರೆ, ಪಟ್ಟಿ ಬೇಡ, ನಿರೂಪಣೆಯ ರೂಪದಲ್ಲಿ ಬರೆದು ಕಳಿಸಿ ಎಂದರು. ನನ್ನನ್ನು ನಾನೇ ಹೊಗಳಿಕೊಂಡು ಬರೆಯಬೇಕೆ? ಎಲ್ಲಿಂದ ಶುರುಮಾಡಲಿ?

– ಓದುಗರು, ತುಮಕೂರು

ಉತ್ತರ: ಹೊಗಳಿಕೊಳ್ಳಬೇಕಾಗಿಲ್ಲ. ನಿಮ್ಮ ಕೆಲಸದಿಂದ ಏನಾಯಿತು, ಅದರಲ್ಲಿ ನಿಮ್ಮ ಪಾಲೇನು, ನೀವು ಹೇಳಿದ್ದು ನಿಜವೇ ಎಂದು ಓದುವವರು ಎಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬಹುದು, ಇಷ್ಟನ್ನು ಬಿಡಿಸಿ ಹೇಳಿದರೆ ಸಾಕು. ಹಳ್ಳಿಹಳ್ಳಿ ಓಡಾಡಿ ಕೆಲಸ ಮಾಡಿದ ನಿಮ್ಮಂಥವರಿಗೆ ಈ ನಮೂನೆಯಲ್ಲಿ ಪಟ್ಟಿಗಿಂತ ಹೆಚ್ಚು ನ್ಯಾಯ ಸಿಗುತ್ತದೆ ಎಂದೇ ನಾನು ನಂಬಿದ್ದೇನೆ.

ಪಟ್ಟಿ ಮಾಡುವ ಅಭ್ಯಾಸ ನಮ್ಮ ಅಧ್ಯಾಪಕರಲ್ಲಿ ಎಷ್ಟು ಆಳವಾಗಿ ಇಳಿದಿದೆ ಎಂಬುದು ನಿಮಗೇ ಗೊತ್ತು. ಯುಜಿಸಿ 2010ರ ನಿಯಮಾವಳಿಯಲ್ಲಿ ಎಪಿಐ ಅಂಕ ತಂದ ಮೇಲೆ ಪ್ರಬಂಧಕ್ಕಿಷ್ಟು, ಸೆಮಿನಾರಿಗಿಷ್ಟು ಎಂದು ಕೂಡಿಸುವುದೇ ಬಡ್ತಿಯ ದಾರಿಯಾಯಿತು. ಹೊರದೇಶಗಳಲ್ಲೂ ಇಂಥದೇ ಕಾಯಿಲೆ ಇತ್ತು. ಯುಜೀನ್ ಗಾರ್ಫೀಲ್ಡ್ ರೂಪಿಸಿದ ಇಂಪ್ಯಾಕ್ಟ್ ಫ್ಯಾಕ್ಟರ್ ಇರುವುದು ಜರ್ನಲ್‌ಗಳನ್ನು ಒಂದರ ಜೊತೆ ಒಂದು ಹೋಲಿಸುವುದಕ್ಕೆ. ಯಾವುದನ್ನು ತರಿಸಬೇಕೆಂದು ಗ್ರಂಥಾಲಯದವರು ತೀರ್ಮಾನಿಸಲು ಅದು ಉಪಯೋಗಕ್ಕೆ ಬರುತ್ತಿತ್ತು. ಬರಬರುತ್ತಾ ಅದರಿಂದ ಮನುಷ್ಯರನ್ನೇ ಅಳೆಯತೊಡಗಿದರು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಎಚ್-ಇಂಡೆಕ್ಸ್ ಅದರ ಜೊತೆ ಸೇರಿತು. 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಜರ್ನಲ್ ಸಂಪಾದಕರು ಮತ್ತು ಪ್ರಕಾಶಕರು ಇದಕ್ಕೆ ಆಕ್ಷೇಪ ಎತ್ತಿ ಒಂದು ಘೋಷಣೆ ಸಿದ್ಧಪಡಿಸಿದರು. ಡೋರಾ ಎಂದು ಹೆಸರಾದದ್ದು ಅದೇ. ಪ್ರಬಂಧ ಯಾವ ಜರ್ನಲ್‌ನಲ್ಲಿ ಬಂತು ಎಂಬುದರಿಂದ ಬರೆದವರ ಯೋಗ್ಯತೆ ನಿರ್ಧರಿಸಬೇಡಿ ಎಂಬುದು ಅದರ ಮುಖ್ಯ ಬೇಡಿಕೆ. ನಮ್ಮಲ್ಲಿ ಸಂಶೋಧನೆಗೆ ಅನುದಾನ ಕೊಡುವ ಇಂಡಿಯಾ ಅಲಯನ್ಸ್ ಕೂಡ ಅದಕ್ಕೆ ಸಹಿ ಹಾಕಿದೆ.

ಸಂಖ್ಯೆ ಬೇಡವಾದರೆ ಏನನ್ನು ನೋಡಬೇಕು? 2019ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ನಾಲ್ಕು ಪ್ರಶ್ನೆಗಳ ಒಂದು ಮಾದರಿ ಮುಂದಿಟ್ಟಿತು. ಬ್ರಿಟನ್ನಿನ ಸರ್ಕಾರಿ ಅನುದಾನ ಸಂಸ್ಥೆ ಯುಕೆಆರ್‌ಐ ಈಗ ಬಳಸುವ ಆರ್‌ಫೋರ್‌ಆರ್‌ಐ ನಮೂನೆ ಅದರಿಂದಲೇ ಬೆಳೆದದ್ದು. ನಿಮ್ಮ ತಂಡದವರು ಕೇಳುತ್ತಿರುವುದು ಬಹುಶಃ ಇದನ್ನೇ. ಹೊಸ ತಿಳಿವಳಿಕೆಗೆ, ವಿಧಾನಗಳಿಗೆ ನಿಮ್ಮ ಕೊಡುಗೆ ಏನು? ಜೊತೆಯವರನ್ನು, ಕಿರಿಯರನ್ನು ಹೇಗೆ ಬೆಳೆಸಿದಿರಿ? ಸಂಶೋಧಕರ ಸಮುದಾಯಕ್ಕೆ ಏನು ಮಾಡಿದಿರಿ? ಅದರಾಚೆಯ ಸಮಾಜಕ್ಕೆ ಏನು ದಕ್ಕಿತು? ಪ್ರಶ್ನೆಗಳು ಇಷ್ಟೇ.

ಸಾಮಾನ್ಯವಾಗಿ ಈ ಭಾಗಕ್ಕೆ 1,650 ಪದಗಳ ಮಿತಿ ಇರುತ್ತದೆ. ಅದರಲ್ಲಿ 1,150 ಆ ನಾಲ್ಕು ಪ್ರಶ್ನೆಗಳಿಗೆ, 500 ಹೆಚ್ಚುವರಿ ವಿವರಕ್ಕೆ. ಅದೂ ಇಡೀ ತಂಡಕ್ಕೆ ಸೇರಿ. ಐದು ಜನರ ತಂಡವಾದರೆ ನಿಮ್ಮ ಪಾಲಿಗೆ ಇನ್ನೂರು, ಮುನ್ನೂರು ಪದ ಬಂದರೆ ಹೆಚ್ಚು. ಆದ್ದರಿಂದ ಜೀವಮಾನದ ಕೆಲಸವನ್ನೆಲ್ಲ ತುರುಕಲು ಹೋಗಬೇಡಿ. ಅವರಿಗೆ ತಿಳಿಯಬೇಕಾಗಿರುವುದು, ಈ ನಿರ್ದಿಷ್ಟ ಯೋಜನೆಯನ್ನು ಈ ತಂಡ ಮಾಡಿ ಮುಗಿಸಬಲ್ಲದೇ ಎಂದು. ಫ್ಲೋರೈಡಿಗೆ ಸಂಬಂಧವಿಲ್ಲದ ಚಿನ್ನದ ಪದಕವನ್ನು ನಿಶ್ಚಿಂತೆಯಿಂದ ಬಿಟ್ಟುಬಿಡಿ.

ಬರೆಯುವ ಬಗೆಯನ್ನು ಒಂದು ಮಾದರಿಯಲ್ಲಿ ತೋರಿಸುತ್ತೇನೆ. ನಿಮ್ಮ ಕೆಲಸದ ವಿವರ ನನಗೆ ತಿಳಿಯದು, ಊಹಿಸಿಕೊಂಡು ಬರೆಯುತ್ತಿದ್ದೇನೆ. ಹಳೆಯ ರೀತಿಯಲ್ಲಾದರೆ, ‘ಫ್ಲೋರೈಡ್ ಕುರಿತು 14 ಪ್ರಬಂಧ ಪ್ರಕಟಿಸಿದ್ದೇನೆ, ಎಚ್-ಇಂಡೆಕ್ಸ್ 6’ ಎಂದು ಮುಗಿಯುತ್ತಿತ್ತು. ಈಗ ಹೀಗೆ ಬರೆಯಬಹುದು:

‘ಒಂದೇ ಬೋರ್‌ವೆಲ್ಲಿನ ನೀರನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸುವ ಯೋಜನೆ ನಾನು ರೂಪಿಸಿದ್ದು. ಲೀಟರಿಗೆ 1.5 ಮಿಲಿಗ್ರಾಂ ಮಿತಿಯೊಳಗಿದ್ದ ಕೆಲವು ಬೋರ್‌ವೆಲ್‌ಗಳು ಬೇಸಿಗೆಯಲ್ಲಿ ಆ ಮಿತಿ ದಾಟುವುದು ಇದರಿಂದ ಗೊತ್ತಾಯಿತು. ನೀರು ತಂದವರು ನನ್ನ ಎಂ.ಎಸ್ಸಿ. ವಿದ್ಯಾರ್ಥಿಗಳು, ವಿಧಾನ, ವಿಶ್ಲೇಷಣೆ ನನ್ನವು. ದತ್ತಾಂಶವನ್ನು ಯಾರು ಬೇಕಾದರೂ ಪಡೆಯಬಹುದು, ಡಿಒಐ ಕೆಳಗಿದೆ. ಇದಾದ ಮೇಲೆ ಗ್ರಾಮ ಪಂಚಾಯಿತಿ ವರ್ಷಕ್ಕೆ ಎರಡು ಸಲ ನೀರು ಪರೀಕ್ಷೆ ಮಾಡಿಸಲು ತೀರ್ಮಾನಿಸಿತು.’

ಇದರಲ್ಲಿ ‘ಅತ್ಯುತ್ತಮ’, ‘ಮೊಟ್ಟಮೊದಲ’ ಎಂಬ ವಿಶೇಷಣ ಒಂದೂ ಇಲ್ಲ. ಆದರೂ ನೀವು ಎಂಥ ಕೆಲಸಗಾರರು ಎಂದು ಓದುವವರಿಗೆ ತಿಳಿಯುತ್ತದೆ. ಕೊನೆಯ ವಾಕ್ಯ ಬರೆಯುವಾಗ ಮಾತ್ರ ಎಚ್ಚರ ಬೇಕು. ಪಂಚಾಯಿತಿ ಹಾಗೆ ತೀರ್ಮಾನಿಸಿದ್ದಕ್ಕೆ ನಡಾವಳಿಯ ಪ್ರತಿಯೋ, ಒಂದು ಪತ್ರವೋ ನಿಮ್ಮ ಕೈಯಲ್ಲಿದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ. ‘ಜನರಿಗೆ ಬಹಳ ಉಪಯೋಗವಾಯಿತು’ ಎಂಬಂಥ ವಾಕ್ಯಗಳನ್ನು ಸಮಿತಿಯವರು ದಿನಕ್ಕೆ ನೂರು ಸಲ ಓದುತ್ತಾರೆ, ಒಂದನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ವಿನಯದಿಂದ ಎಲ್ಲಕ್ಕೂ ‘ನಾವು’ ಎಂದು ಬರೆಯುವ ರೂಢಿಯೂ ಇಲ್ಲಿ ತೊಡಕಾಗುತ್ತದೆ. ನೀವು ಮಾಡಿದ್ದು ನಿಮ್ಮದೆನ್ನಿ, ವಿದ್ಯಾರ್ಥಿಗಳು ಮಾಡಿದ್ದು ಅವರದೆನ್ನಿ. ಇಬ್ಬರಿಗೂ ಅದೇ ಮರ್ಯಾದೆ.

ಎರಡನೆಯ ಪ್ರಶ್ನೆಯನ್ನು ನಮ್ಮ ಕಾಲೇಜಿನವರು ಖಾಲಿ ಬಿಡುವುದೇ ಹೆಚ್ಚು. ನನಗೆ ಬಹಳ ಬೇಸರ ತರುವ ಸಂಗತಿ ಇದು. ಫ್ಲೋರೈಡ್ ಎಲೆಕ್ಟ್ರೋಡನ್ನು ನಿಮ್ಮ ಲ್ಯಾಬಿನಲ್ಲಿ ಮೊದಲ ಸಲ ಮುಟ್ಟಿದ ಹಳ್ಳಿಯ ಹುಡುಗಿ ಈಗ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದರೆ, ಅದು ಯಾವ ಎಪಿಐ ಕೋಷ್ಟಕದಲ್ಲೂ ಕೂರುತ್ತಿರಲಿಲ್ಲ. ಇಲ್ಲಿ ಅದಕ್ಕೆ ಜಾಗವಿದೆ. ಅವಳ ಹೆಸರು ಹಾಕದೆ, ಏನು ಕಲಿತಳು, ಎಲ್ಲಿಗೆ ತಲುಪಿದಳು ಎಂದಷ್ಟೇ ಬರೆಯಿರಿ. ಪ್ರಬಂಧಗಳಿಗೆ ಪೀರ್ ರಿವ್ಯೂ ಮಾಡಿದ್ದು, ಕಾರ್ಯಾಗಾರ ನಡೆಸಿದ್ದು ಮೂರನೆಯದಕ್ಕೆ ಸೇರುತ್ತವೆ. ಎರಡು ಸಾಲಿನಲ್ಲಿ ಮುಗಿಸಿ. ಹೆಚ್ಚುವರಿ ವಿವರದ ಜಾಗದಲ್ಲಿ ಹೆರಿಗೆ ರಜೆ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡ ವರ್ಷಗಳಂಥ ಬಿಡುವುಗಳನ್ನು ಹೇಳಬಹುದು. ಸಂಕೋಚ ಬೇಡ, ಕಣ್ಣೀರೂ ಬೇಡ: ಎಷ್ಟು ಕಾಲ, ಅದರಿಂದ ಯಾವ ಕೆಲಸ ನಿಂತಿತು, ಅಷ್ಟೇ. ನಮ್ಮ ಬಯೋಡೇಟಾದಲ್ಲಿ ಬರುವ ಜನ್ಮದಿನಾಂಕ, ತಂದೆಯ ಹೆಸರು, ವೈವಾಹಿಕ ಸ್ಥಿತಿ ಇವ್ಯಾವುವೂ ಎಲ್ಲೂ ಬರಬಾರದು. ಇಂಪ್ಯಾಕ್ಟ್ ಫ್ಯಾಕ್ಟರ್, ಎಚ್-ಇಂಡೆಕ್ಸ್ ಕೂಡ ಬರಬಾರದು.

ಈ ಪದ್ಧತಿಗೂ ಒಂದು ದೋಷವಿದೆ. ಇಂಗ್ಲಿಷಿನಲ್ಲಿ ಸಲೀಸಾಗಿ ಬರೆಯುವವರು, ತಮ್ಮ ಬಗ್ಗೆ ಧಾರಾಳವಾಗಿ ಮಾತಾಡಿ ಅಭ್ಯಾಸವಿರುವವರು ಇದರಲ್ಲಿ ಮುಂದೆ ಹೋಗುವ ಅಪಾಯ ಖಂಡಿತ ಇದೆ. ಹಾಗಾಗಿ ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ ಎನ್ನುತ್ತೇನೆ. ಸಂಗತಿಗಳು ಮೊದಲು ಸ್ಪಷ್ಟವಾಗಲಿ, ಇಂಗ್ಲಿಷನ್ನು ತಿದ್ದಲು ಬ್ರಿಟನ್ನಿನ ಜೊತೆಗಾರರೇ ಇದ್ದಾರೆ. ಕರಡು ಆದ ಮೇಲೆ ಇತಿಹಾಸವನ್ನೋ ವಾಣಿಜ್ಯವನ್ನೋ ಕಲಿಸುವ ಸಹೋದ್ಯೋಗಿಗೆ ಓದಲು ಕೊಡಿ. ಓದಿದ ಮೇಲೆ ಅವರು ‘ನೀವು ಫ್ಲೋರೈಡ್ ಮೇಲೆ ಕೆಲಸ ಮಾಡಿದ್ದೀರಿ’ ಎಂದರೆ ಸಾಲದು, ತಿದ್ದಿ. ‘ಬೇಸಿಗೆಯಲ್ಲಿ ನೀರು ಕೆಡುವುದನ್ನು ನೀವು ಕಂಡುಹಿಡಿದಿರಿ’ ಎಂದರೆ ಕಳಿಸಿ.

ಪದಮಿತಿಗೆ ಇಳಿಸುವ ಮೊದಲು ಎಲ್ಲವನ್ನೂ ಒಳಗೊಂಡ ಉದ್ದದ ಕರಡೊಂದನ್ನು ಬರೆದಿದ್ದರೆ ಅದನ್ನು ಎಸೆಯಬೇಡಿ. ಬೇರೆ ಸಂಸ್ಥೆಗಳ ನಮೂನೆ ಬೇರೆ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಮೂರು ಸಾಧನೆಗಳನ್ನಷ್ಟೇ ವಿವರಿಸಲು ಬಿಡುತ್ತದೆ, ಯುರೋಪಿಯನ್ ರಿಸರ್ಚ್ ಕೌನ್ಸಿಲ್ ಹತ್ತು ಕೃತಿಗಳವರೆಗೆ ಕೇಳುತ್ತದೆ. ಮುಂದಿನ ಅರ್ಜಿಗೆ ಅದರಿಂದಲೇ ಆರಿಸಿ ತೆಗೆದುಕೊಳ್ಳಬಹುದು.