ಮುಳುಗಡೆ ಪರಿಹಾರ: ಅಸಲಿಗೆ ತೆರಿಗೆಯಿಲ್ಲ, ಬಡ್ಡಿಯ ಮಾತೇ ಬೇರೆ

ಕೃಷ್ಣಾ ಮೇಲ್ದಂಡೆ ಮೂರನೇ ಹಂತದಲ್ಲಿ ಮುಳುಗುವ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣ ಹೊಲಕ್ಕೆ 30 ಲಕ್ಷ ರೂಪಾಯಿ ಎಂದು 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯ ರೈತರಿಗೆ ಇದರ ಜೊತೆಗೇ ಇನ್ನೊಂದು ಚಿಂತೆ: ಇಷ್ಟು ದುಡ್ಡು ಖಾತೆಗೆ ಬಿದ್ದರೆ ಆದಾಯ ತೆರಿಗೆಯವರು ಬಿಡುತ್ತಾರೆಯೇ?

ಅಸಲು ಪರಿಹಾರಕ್ಕೆ ಹೆದರಬೇಕಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ 96ನೇ ಕಲಂ ಪ್ರಕಾರ, ಆ ಕಾಯ್ದೆಯಡಿ ಆದ ಐತೀರ್ಪು ಅಥವಾ ಒಪ್ಪಂದದ ಮೊತ್ತಕ್ಕೆ ಆದಾಯ ತೆರಿಗೆ ಇಲ್ಲ. ತೆರಿಗೆ ಕಾನೂನಿನಲ್ಲಿ ಪ್ರತ್ಯೇಕ ವಿನಾಯಿತಿ ಕಾಣದಿದ್ದರೂ ಇದು ಅನ್ವಯಿಸುತ್ತದೆ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2016ರ ಅಕ್ಟೋಬರ್ 25ರ 36ನೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಇಂಥ ಮೊತ್ತದಲ್ಲಿ ಟಿಡಿಎಸ್ ಕಡಿಯುವಂತೆಯೂ ಇಲ್ಲ. ‘ನೀವೇ ಒಪ್ಪಿ ಕೊಟ್ಟಿರಿ, ಇದು ಸ್ವಾಧೀನವಲ್ಲ, ಮಾರಾಟ’ ಎಂಬ ವಾದ ಬಂದರೆ 2017ರ ಬಾಲಕೃಷ್ಣನ್ ತೀರ್ಪು ತೋರಿಸಿ. ಕೇರಳದ ಟೆಕ್ನೋಪಾರ್ಕಿಗೆ ಹೋದ ಜಮೀನಿನ ಪ್ರಕರಣ ಅದು. ಸ್ವಾಧೀನ ಪ್ರಕ್ರಿಯೆ ಶುರುವಾದ ಮೇಲೆ ಬೆಲೆಯನ್ನು ಮಾತುಕತೆಯಲ್ಲಿ ಹೊಂದಿಸಿಕೊಂಡರೂ ಅದು ಕಡ್ಡಾಯ ಸ್ವಾಧೀನವೇ ಎಂದಿತು ಸುಪ್ರೀಂ ಕೋರ್ಟ್.

1894ರ ಹಳೆಯ ಕಾಯ್ದೆಯಡಿ ಜಮೀನು ಹೋಗಿದ್ದರೆ ಅಥವಾ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ತನ್ನ 1966ರ ಕಾಯ್ದೆಯಡಿ ತೆಗೆದುಕೊಂಡಿದ್ದರೆ 96ನೇ ಕಲಂ ನೇರವಾಗಿ ಕೈಗೆ ಬರುವುದಿಲ್ಲ. ಆಗ ಹೊಲ ಎಲ್ಲಿದೆ ಎಂಬುದು ಮುಖ್ಯ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಯಾವುದರ ಜನಸಂಖ್ಯೆಯೂ 2011ರ ಜನಗಣತಿಯಲ್ಲಿ ಒಂದು ಲಕ್ಷ ದಾಟಿರಲಿಲ್ಲ. ಹಾಗಾಗಿ ಊರಿನ ಗಡಿಯಿಂದ ನೇರ ಅಳತೆಯಲ್ಲಿ 2 ಕಿ.ಮೀ. ಆಚೆಗಿನ ಸಾಗುವಳಿ ಭೂಮಿ ತೆರಿಗೆಯ ಲೆಕ್ಕಕ್ಕೆ ‘ಬಂಡವಾಳ ಆಸ್ತಿ’ಯೇ ಅಲ್ಲ. ಗಡಿಯೊಳಗಿದ್ದರೂ, ಸ್ವಾಧೀನಕ್ಕೆ ಹಿಂದಿನ ಎರಡು ವರ್ಷ ನೀವು ಅಥವಾ ನಿಮ್ಮ ತಂದೆ-ತಾಯಿ ಬೇಸಾಯ ಮಾಡಿದ್ದರೆ 1961ರ ಆದಾಯ ತೆರಿಗೆ ಕಾಯ್ದೆಯ 10(37)ನೇ ಕಲಂ ವಿನಾಯಿತಿ ಕೊಡುತ್ತದೆ. ಬೆಳೆ ನಮೂದಿರುವ ಉತಾರ, ಕಾರ್ಖಾನೆಯ ಕಬ್ಬಿನ ಬಿಲ್ಲು ಇಲ್ಲಿ ಸಾಕ್ಷಿ. ಬಿಲ್ಲುಗಳನ್ನು ಎಸೆಯಬೇಡಿ.

ನಿಜವಾದ ತಕರಾರು ಇರುವುದು ಬಡ್ಡಿಯಲ್ಲಿ. ಹಳೆಯ ಕಾಯ್ದೆಯಲ್ಲಿ ಬಡ್ಡಿ ಎರಡು ಬಗೆ. 34ನೇ ಕಲಂ ಬಡ್ಡಿ ಪಾವತಿ ತಡವಾದದ್ದಕ್ಕೆ. 28ನೇ ಕಲಂ ಬಡ್ಡಿ ಕೋರ್ಟು ಹೆಚ್ಚಿಸಿದ ಪರಿಹಾರದ ಮೇಲೆ. ಎರಡಕ್ಕೂ ಮೊದಲ ವರ್ಷ ಶೇ 9, ಆಮೇಲೆ ಶೇ 15. ಪ್ರಕರಣ ಹದಿನೈದಿಪ್ಪತ್ತು ವರ್ಷ ಎಳೆದರೆ ಅಸಲಿಗಿಂತ ಬಡ್ಡಿಯೇ ದೊಡ್ಡದು. 28ನೇ ಕಲಂ ಬಡ್ಡಿ ಪರಿಹಾರದ್ದೇ ಭಾಗ ಎಂದು ಸುಪ್ರೀಂ ಕೋರ್ಟ್ 2009ರ ಘನಶ್ಯಾಮ್ ಪ್ರಕರಣದಲ್ಲಿ ಹೇಳಿತು. ಅದೇ ವರ್ಷ ಸಂಸತ್ತು ಕಾನೂನು ತಿದ್ದಿ, ಹೆಚ್ಚುವರಿ ಪರಿಹಾರದ ಬಡ್ಡಿ ‘ಇತರ ಮೂಲದ ಆದಾಯ’, ಕೈಗೆ ಬಂದ ವರ್ಷವೇ ತೆರಿಗೆ, ಅರ್ಧ ಮೊತ್ತಕ್ಕೆ ಕಡಿತ ಎಂದಿತು. ಅಲ್ಲಿಂದ ಹೈಕೋರ್ಟುಗಳು ಇಬ್ಭಾಗವಾದವು. 28ನೇ ಕಲಂ ಬಡ್ಡಿಗೆ ಈ ತಿದ್ದುಪಡಿ ತಾಗದು ಎಂದು ಗುಜರಾತ್ ಹೈಕೋರ್ಟ್ 2016ರ ಮೋವಾಲಿಯಾ ಪ್ರಕರಣದಲ್ಲಿ ತೀರ್ಪಿತ್ತಿತು. ಪಂಜಾಬ್-ಹರಿಯಾಣ ಹೈಕೋರ್ಟು ಮಂಜೀತ್ ಸಿಂಗ್ ಪ್ರಕರಣದಲ್ಲಿ (2014) ಮತ್ತು ದೆಹಲಿ ಹೈಕೋರ್ಟು 2024ರಲ್ಲಿ ತದ್ವಿರುದ್ಧ ಹೇಳಿದವು. ನನ್ನ ಮಟ್ಟಿಗೆ ಗುಜರಾತಿನ ತರ್ಕವೇ ಸರಿ, ಆದರೆ ಗಾಳಿ ಈಗ ಇಲಾಖೆಯ ಕಡೆ ಬೀಸುತ್ತಿದೆ. ಇದನ್ನು ತಿಳಿದೇ ಹೆಜ್ಜೆ ಇಡಬೇಕು.

ಹಾಗೆಂದು ಎಲ್ಲರೂ ತೆರಿಗೆ ಕಟ್ಟಬೇಕೆಂದಲ್ಲ. 10 ಲಕ್ಷ ಬಡ್ಡಿ ಬಂತೆನ್ನಿ. ಅರ್ಧ ಕಳೆದರೆ ಉಳಿಯುವುದು 5 ಲಕ್ಷ. ತೆರಿಗೆ ಬೀಳುವ ಬೇರೆ ಆದಾಯವಿಲ್ಲದ ವ್ಯಕ್ತಿಗೆ 2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟು ಇರುವುದರಿಂದ ತೆರಿಗೆ ಸೊನ್ನೆ. ಅವಿಭಕ್ತ ಕುಟುಂಬದ ಹೆಸರಲ್ಲಿ ಬಂದರೆ ಮಾತ್ರ ಈ ರಿಬೇಟು ಸಿಗದು. ಆದರೆ ಕೊಡುವ ಕಚೇರಿ ಇದೆಲ್ಲ ನೋಡುವುದಿಲ್ಲ. ಪ್ಯಾನ್ ಇದ್ದರೆ ಶೇ 10, ಇಲ್ಲದಿದ್ದರೆ ಶೇ 20 ಕಡಿದೇ ಉಳಿದದ್ದನ್ನು ಕೊಡುತ್ತದೆ. ಆ ಒಂದು ಲಕ್ಷ ನಿಮ್ಮದು, ರಿಟರ್ನ್ ಸಲ್ಲಿಸಿದರೆ ಮಾತ್ರ ವಾಪಸು ಬರುತ್ತದೆ. ‘ನಾವು ರೈತರು, ನಮಗ್ಯಾಕೆ ರಿಟರ್ನ್’ ಎಂದು ಕುಳಿತವರ ಹಣ ಸರ್ಕಾರದಲ್ಲೇ ಉಳಿಯುತ್ತದೆ.

ಆದ್ದರಿಂದ ಚೆಕ್ಕಿಗಿಂತ ಮೊದಲು ಕಾಗದ ಕೇಳಿ. ಅಸಲು, ಸಾಂತ್ವನ ಧನ, 28ರ ಬಡ್ಡಿ, 34ರ ಬಡ್ಡಿ ಇವನ್ನು ಬೇರೆ ಬೇರೆ ತೋರಿಸುವ ಲೆಕ್ಕಪಟ್ಟಿಯನ್ನು ವಿಶೇಷ ಭೂಸ್ವಾಧೀನಾಧಿಕಾರಿಯಿಂದ ಲಿಖಿತವಾಗಿ ಪಡೆಯಿರಿ. ಎಲ್ಲ ಒಂದೇ ಮೊತ್ತವಾಗಿ ಬಂದರೆ ಮುಂದೆ ವಾದಿಸಲು ಹಿಡಿತವೇ ಇರುವುದಿಲ್ಲ. ನಂತರ ತೆರಿಗೆ ಕಡಿತದ ವಿವರವಿರುವ 26ಎಎಸ್ ಪಟ್ಟಿ ತೆಗೆಸಿ, ಕಡಿದ ಹಣ ನಿಮ್ಮ ಪ್ಯಾನಿಗೇ ಜಮಾ ಆಗಿದೆಯೇ ನೋಡಿ. ಜಂಟಿ ಖಾತೆಯ ಹೊಲದಲ್ಲಿ ಅಣ್ಣನ ಹೆಸರಿಗೆ ಎಲ್ಲವೂ ಹೋಗಿರುವ ಸಾಧ್ಯತೆ ಉಂಟು.

ಗಡುವು ಮೀರಿದ್ದರೂ ದಾರಿ ಮುಚ್ಚಿಲ್ಲ. ನೇರ ತೆರಿಗೆ ಮಂಡಳಿಯ 2024ರ 11ನೇ ಸುತ್ತೋಲೆಯಂತೆ ತೆರಿಗೆ ನಿರ್ಧಾರಣಾ ವರ್ಷ ಮುಗಿದು ಐದು ವರ್ಷದೊಳಗೆ ವಿಳಂಬ ಮನ್ನಾ ಕೋರಬಹುದು. ಒಂದು ಕೋಟಿವರೆಗಿನ ಕ್ಲೇಮು ಪ್ರಧಾನ ಆಯುಕ್ತರ ಹಂತದಲ್ಲೇ ತೀರ್ಮಾನವಾಗುತ್ತದೆ. ತೆರಿಗೆ ಹಾಕಿದ ಆದೇಶ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು, ಶುಲ್ಕ ಹೆಚ್ಚೆಂದರೆ ಸಾವಿರ ರೂಪಾಯಿ. ಅಲ್ಲಿ ಸೋತರೆ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ. ಕಾನೂನಿನ ಪ್ರಶ್ನೆ ಉಳಿದರಷ್ಟೇ ಧಾರವಾಡ ಹೈಕೋರ್ಟು ಪೀಠ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಕಲಂ ಸಂಖ್ಯೆಗಳು ಬದಲಾಗಿವೆ; ಅದಕ್ಕೆ ಮೊದಲು ಕೈಸೇರಿದ ಹಣಕ್ಕೆ ಹಳೆಯ ಸಂಖ್ಯೆಗಳನ್ನೇ ಬರೆಯಿರಿ. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟರಿಗೆ ಅಲ್ಲಿ ಆದಾಯದ ಮಿತಿ ಇಲ್ಲ.