ಹೋಲ್ ಕೂತರೆ ಸಾಲದು: ಅಲಾಯ್ ಚಕ್ರದ ಆಫ್‌ಸೆಟ್ ಲೆಕ್ಕ

ಮಾವಳ್ಳಿಯ ನಮ್ಮ ಮನೆಯಿಂದ ಜೆ.ಸಿ. ರೋಡಿಗೆ ನಡೆದೇ ಹೋಗಬಹುದು. ಈ ಕಡೆ ಎಂ.ಟಿ.ಆರ್. ಮುಂದೆ ದೋಸೆಗೆ ಕಾಯೋ ಜನ. ಆ ಕಡೆ ಮಿನರ್ವ ಸರ್ಕಲ್ ದಾಟಿದರೆ ಟೌನ್ ಹಾಲ್ ದಿಕ್ಕಿಗೆ ಸಾಲು ಸಾಲು ಕಾರಿನ ಬಿಡಿಭಾಗದ ಅಂಗಡಿಗಳು. ಸೀಟ್ ಕವರ್, ಹಾರ್ನು, ಲೈಟು, ಗೋಡೆ ತುಂಬ ನೇತುಹಾಕಿದ ಅಲಾಯ್ ಚಕ್ರಗಳು. ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಆ ಚಕ್ರಗಳ ಹಿಂಭಾಗದಲ್ಲಿ ಅಚ್ಚಾಗಿರುವ ಅಂಕಿಗಳನ್ನು ಓದಲು ಕಲಿತದ್ದು ಹೋದ ವರ್ಷ, ಪೆಟ್ಟು ತಿಂದ ಮೇಲೆ.

ಅಣ್ಣ ತನ್ನ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್‌ಗೆ ಹೊಸ ಚಕ್ರ ಹಾಕಿಸಿದ. ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ನಾಲ್ಕು ಹೋಲು, ನೂರು ಪಿ.ಸಿ.ಡಿ. ತಾನೇ ಸಾರ್?" ಹೌದು. ಹಾಕಿದರು, ಕೂತಿತು. ಮುಂದಿನ ಭಾನುವಾರ ಮನೆಯವರೆಲ್ಲ ಸೇರಿ ಐದು ಜನ ತುಮಕೂರಿಗೆ ಹೊರಟೆವು. ಹಂಪ್ ಇಳಿದಾಗಲೆಲ್ಲ ಹಿಂದಿನಿಂದ 'ಗರ್ರ್' ಅಂತ ಸದ್ದು. ನೆಲಮಂಗಲದ ಹತ್ತಿರ ನಿಲ್ಲಿಸಿ ನೋಡಿದರೆ ಹಿಂದಿನ ಟೈರಿನ ಹೊರಮಗ್ಗುಲು ಬೆರಳುದ್ದ ಕೊಯ್ದುಹೋಗಿದೆ, ಒಳಗಿನ ದಾರ ಕಾಣ್ತಿದೆ. ಹೈವೇಯಲ್ಲಿ ಅದು ಒಡೆದಿದ್ದರೆ? ಅಮ್ಮ ಮಾತಾಡಲಿಲ್ಲ. ಅಪ್ಪ ಮಾತ್ರ ನನ್ನ ಕಡೆ ತಿರುಗಿ, "ನೀನು ಮೆಕ್ಯಾನಿಕಲ್ ಓದ್ತಿರೋದಲ್ವೇನೋ?" ಅಂದರು. ಅಂಗಡಿಯಲ್ಲಿ ನಾನೂ ಪಕ್ಕದಲ್ಲೇ ನಿಂತಿದ್ದೆ. ಈ ಲೇಖನ ಆ ಪ್ರಶ್ನೆಗೆ ಉತ್ತರ.

ಮೊದಲು ಎರಡು ಪದ

ಚಕ್ರವನ್ನು ಅಗಲದಲ್ಲಿ ಸರಿಯಾಗಿ ಎರಡು ಪಾಲು ಮಾಡುವ ಗೆರೆಯೊಂದನ್ನು ಊಹಿಸಿಕೊಳ್ಳಿ. ಅದು ನಡುಗೆರೆ. ಚಕ್ರವು ಹಬ್‌ಗೆ ತಾಗಿ ಬೋಲ್ಟ್ ಆಗುವ ಮುಖ ಈ ನಡುಗೆರೆಯಿಂದ ಎಷ್ಟು ಮಿ.ಮೀ. ದೂರ ಇದೆ ಅನ್ನೋದೇ ಆಫ್‌ಸೆಟ್. ಆ ಮುಖ ರಸ್ತೆ ಕಾಣುವ ಹೊರಬದಿಗೆ ಇದ್ದರೆ ಪಾಸಿಟಿವ್, ಕಾರಿನ ಒಳಬದಿಗೆ ಇದ್ದರೆ ನೆಗೆಟಿವ್, ನಡುಗೆರೆಯ ಮೇಲೇ ಇದ್ದರೆ ಸೊನ್ನೆ. ಚಕ್ರದ ಮೇಲೆ 'ಇಟಿ 45' ಎಂದಿದ್ದರೆ ಆಫ್‌ಸೆಟ್ ಪಾಸಿಟಿವ್ 45 ಮಿ.ಮೀ. ಎಂದರ್ಥ. ಇಟಿ ಎನ್ನುವುದು ಜರ್ಮನ್ ಪದವೊಂದರ ಚುಟುಕು ರೂಪ.

ಬ್ಯಾಕ್‌ಸ್ಪೇಸಿಂಗ್ ಅಂದರೆ ಅದೇ ಬೋಲ್ಟ್ ಮುಖದಿಂದ ರಿಮ್ಮಿನ ಒಳಬದಿಯ ಅಂಚಿನವರೆಗಿನ ದೂರ. ಚಕ್ರ ಒಳಗಡೆ ಎಷ್ಟು ಜಾಗ ತಿನ್ನುತ್ತೆ ಅನ್ನೋದನ್ನು ಇದು ನೇರವಾಗಿ ಹೇಳುತ್ತೆ.

ಅಳೆಯೋದು ಹೇಗೆ?

ಚಕ್ರದ ಮೇಲೆ ಅಂಕಿ ಕಾಣದಿದ್ದರೂ ತೊಂದರೆ ಇಲ್ಲ. ಟೈರ್ ಇಲ್ಲದ ರಿಮ್ಮನ್ನು ಮುಖ ಅಡಿ ಮಾಡಿ ನೆಲದ ಮೇಲೆ ಮಲಗಿಸಿ. ಹಿಂಬದಿಯ ಅಂಚಿನ ಮೇಲೆ ಒಂದು ನೇರ ಪಟ್ಟಿ ಅಡ್ಡ ಇಡಿ. ಪಟ್ಟಿಯ ತಳದಿಂದ ಬೋಲ್ಟ್ ಮುಖದವರೆಗೆ ಟೇಪ್ ಇಳಿಬಿಡಿ. ಅದೇ ಬ್ಯಾಕ್‌ಸ್ಪೇಸಿಂಗ್. ನಂತರ ಅಂಚಿನಿಂದ ಅಂಚಿಗೆ ಒಟ್ಟು ಅಗಲ ಅಳೆಯಿರಿ.

ಆಫ್‌ಸೆಟ್ = ಬ್ಯಾಕ್‌ಸ್ಪೇಸಿಂಗ್ − (ಒಟ್ಟು ಅಗಲ ÷ 2)

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. '7ಜೆ' ಅಂದರೆ 7 ಇಂಚು, ಆದರೆ ಅದು ಟೈರ್ ಕೂರುವ ಒಳ ಅಗಲ. ಎರಡೂ ಅಂಚುಗಳ ದಪ್ಪ ಸೇರಿದರೆ ಒಟ್ಟು ಅಗಲ ಸುಮಾರು 8 ಇಂಚು, ಅಂದರೆ 203 ಮಿ.ಮೀ. ಬ್ಯಾಕ್‌ಸ್ಪೇಸಿಂಗ್ 136.5 ಬಂದರೆ, 136.5 − 101.5 = 35. ಅದು ಇಟಿ 35 ಚಕ್ರ.

ನಮ್ಮ ಕಾರಿನ ಲೆಕ್ಕ

ಹಳೆಯದು: 5ಜೆ, ಇಟಿ 45, ಟೈರ್ 165/80 ಆರ್14.
ಹಾಕಿಸಿದ್ದು: 7ಜೆ, ಇಟಿ 35, ಟೈರ್ 195/55 ಆರ್16.

ಎರಡೂ ಟೈರಿನ ವ್ಯಾಸ ಸುಮಾರು 620 ಮಿ.ಮೀ. ಹಾಗಾಗಿ ಸ್ಪೀಡೋಮೀಟರ್ ತಪ್ಪಲಿಲ್ಲ, ಎಲ್ಲ ಸರಿಯಿದೆ ಅಂತ ನಂಬಿದೆವು. ಈಗ ಅಡ್ಡಕ್ಕೆ ನೋಡೋಣ. ಬೋಲ್ಟ್ ಮುಖದಿಂದ ಟೈರ್ ಹೊರಗೆ ಚಾಚುವುದು, ಅರ್ಧ ಅಗಲದಲ್ಲಿ ಆಫ್‌ಸೆಟ್ ಕಳೆದಷ್ಟು; ಒಳಗೆ ಚಾಚುವುದು, ಅರ್ಧ ಅಗಲಕ್ಕೆ ಆಫ್‌ಸೆಟ್ ಕೂಡಿಸಿದಷ್ಟು.

ಹೊರಗೆ, ಹಳೆಯದು: 82.5 − 45 = 37.5. ಹೊಸದು: 97.5 − 35 = 62.5.
ಒಳಗೆ, ಹಳೆಯದು: 82.5 + 45 = 127.5. ಹೊಸದು: 97.5 + 35 = 132.5.

ಒಳಗೆ ಹೋದದ್ದು ಬರೀ 5 ಮಿ.ಮೀ., ಹೊರಗೆ ಬಂದದ್ದು 25 ಮಿ.ಮೀ.! ರಿಮ್ಮಿನ ಅಂಚನ್ನೇ ಲೆಕ್ಕ ಹಾಕಿದರೆ ಹೊರಗೆ ಬಂದದ್ದು ಇನ್ನೂ ಜಾಸ್ತಿ, 35 ಮಿ.ಮೀ. ಕಾರು ಖಾಲಿ ಇದ್ದಾಗ ಗೊತ್ತಾಗಲಿಲ್ಲ. ಐದು ಜನ ಕೂತು ಸಸ್ಪೆನ್ಷನ್ ತಗ್ಗಿದಾಗ ಮಡ್‌ಗಾರ್ಡಿನ ಮಡಿಚಿದ ತಗಡು ಟೈರನ್ನು ಕೊಯ್ಯಿತು.

ಉಜ್ಜದಿದ್ದರೆ ಸಾಕೇ?

ಸಾಲದು. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹೊರೆ ಅನ್ನಿಸಲ್ಲ. ಅದೇ ಕೊಡವನ್ನು ಕೈಚಾಚಿ ಹಿಡಿಯಿರಿ ನೋಡೋಣ. ಆಫ್‌ಸೆಟ್ ಕಡಿಮೆಯಾದಂತೆ ಚಕ್ರದ ನಡುಗೆರೆ ಹೊರಗೆ ಸರಿದು, ವೀಲ್ ಬೇರಿಂಗ್ ಮೇಲೆ ಬೀಳುವ ಮೊಮೆಂಟ್ ಹೆಚ್ಚುತ್ತೆ. ಮುಂದಿನ ಚಕ್ರದಲ್ಲಿ ಇನ್ನೊಂದು ತೊಂದರೆ: ಸ್ಟೀರಿಂಗ್ ತಿರುಗುವ ಅಕ್ಷ ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ಅಂತರ, ಅಂದರೆ ಸ್ಕ್ರಬ್ ರೇಡಿಯಸ್, ಬದಲಾಗುತ್ತೆ. ಆಗ ಗುಂಡಿಗೆ ಒಂದು ಚಕ್ರ ಬಿದ್ದರೆ ಸ್ಟೀರಿಂಗ್ ಕೈಯಲ್ಲಿ ಎಳೆಯುತ್ತೆ. ಗಮನಿಸಿ, ಇವೆರಡೂ ಆಫ್‌ಸೆಟ್ಟಿನ ಮೇಲೆ ನಿಂತಿವೆ, ಅಗಲದ ಮೇಲಲ್ಲ. ಉಜ್ಜುವುದು ಮಾತ್ರ ಎರಡನ್ನೂ ಅವಲಂಬಿಸಿದೆ. ಸ್ಪೇಸರ್ ಹಾಕುವುದೂ ಆಫ್‌ಸೆಟ್ ಕಡಿಮೆ ಮಾಡಿದಂತೆಯೇ: 10 ಮಿ.ಮೀ. ಸ್ಪೇಸರ್ ಹಾಕಿದರೆ ಇಟಿ 45 ಚಕ್ರ ಇಟಿ 35ರಂತೆ ವರ್ತಿಸುತ್ತೆ.

ಹಾಗಂತ ಆಫ್‌ಸೆಟ್ ಸುಮ್ಮನೆ ಜಾಸ್ತಿ ಮಾಡಿದರೆ ಚಕ್ರ ಒಳಗೆ ಸರಿದು ಸ್ಟ್ರಟ್‌ಗೆ ತಾಗುತ್ತೆ.

ಕೊಳ್ಳುವ ಮುನ್ನ

ಪಿ.ಸಿ.ಡಿ. ಜೊತೆಗೆ ಹಬ್ಬಿನ ನಡುತೂತು, ನಟ್ಟಿನ ಇಳಿಜಾರು, ಚಕ್ರ ತಾಳುವ ಭಾರ ಇವಿಷ್ಟನ್ನೂ ಕೇಳಿ. ನಡುತೂತು ದೊಡ್ಡದಿದ್ದರೆ ಸರಿಯಾದ ಅಳತೆಯ ರಿಂಗ್ ಬೇಕು, ಇಲ್ಲವಾದರೆ ಚಕ್ರ ನಡುವಿಗೆ ಕೂರದೆ ನಡುಗಬಹುದು. ಬ್ರೇಕ್ ಕ್ಯಾಲಿಪರ್‌ಗೆ ಜಾಗ ಇದೆಯೇ ಅನ್ನೋದು ಕಡ್ಡಿಗಳ ಆಕಾರದ ಮೇಲೂ ನಿಂತಿದೆ. ಆಫ್‌ಸೆಟ್ ಸರಿಯಿದ್ದರೂ ಕಡ್ಡಿ ತಾಗಬಹುದು. ಒಂದು ಚಕ್ರ ಹಾಕಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಜನ ಕೂರಿಸಿ, ಒಳಗೂ ಹೊರಗೂ ಕೈಹಾಕಿ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ ಎಂಬುದೂ ನೆನಪಿರಲಿ. ಮಡ್‌ಗಾರ್ಡ್ ಮೀರಿ ಚಾಚಿದ ಚಕ್ರ ನೋಡೋಕೆ ಚೆಂದ, ನಿಭಾಯಿಸೋಕೆ ಕಷ್ಟ.

ನಾವು ಕೊನೆಗೆ 6ಜೆ, ಇಟಿ 45, 185/65 ಆರ್15 ಟೈರಿಗೆ ಬಂದೆವು. ಆಫ್‌ಸೆಟ್ ಹಳೆಯದೇ, ಆದ್ದರಿಂದ ಟೈರ್ ಎರಡೂ ಬದಿಗೆ ತಲಾ 10 ಮಿ.ಮೀ. ಮಾತ್ರ ಬೆಳೆಯಿತು. ಈ ಸಲ ಅಂಗಡಿಗೆ ಟೇಪು, ಪಟ್ಟಿ, ಒಂದು ಚೀಟಿ ನಾನೇ ಒಯ್ದಿದ್ದೆ. ಮತ್ತೆ ಐದು ಜನ ಕೂತು ತುಮಕೂರಿಗೆ ಹೋಗಿಬಂದೆವು. ಹಂಪ್ ಬಂದಾಗಲೆಲ್ಲ ಎಲ್ಲರೂ ಮಾತು ನಿಲ್ಲಿಸಿ ಕಿವಿಗೊಟ್ಟೆವು. ಸದ್ದಿಲ್ಲ.